ಖುಲ್ಲಾ ಜಾಗ

ದಾದಾಪೀರ ಕಾಕಾ ತೀರಿಕೊಂಡ ಮೂರನೆಯ ದಿನ ನಾನು ಊರಿಗೆ ಹೋದೆ. ಆಷಾಢದ ಗಾಳಿ. ಬಸ್ಸಿನಿಂದ ಇಳಿದದ್ದೇ ಸೆರಗು ಹೆಗಲ ಮೇಲೆ ನಿಲ್ಲಲೊಲ್ಲದು. ಕಾಕಾನ ಮನೆಯ ಹಿತ್ತಲಲ್ಲಿ ನೂಲಿಗೆ ಬಣ್ಣ ಹಾಕುವ ಹಂಡೆಗಳು ಬೋರಲು ಬಿದ್ದಿದ್ದವು. ಅವರು ಆ ಕೆಲಸ ಬಿಟ್ಟು ಎಷ್ಟೋ ವರ್ಷವಾಗಿತ್ತು. ಆದರೂ ಹಿತ್ತಲ ಗೋಡೆಗೆ ಬೆನ್ನು ಕೊಟ್ಟು ಕೂತಾಗ, ಕುದಿಸಿದ ಬಣ್ಣದ ಆ ಹಳೆಯ ಘಾಟು ಮೂಗಿಗೆ ಬಂತು. ಅಳುತ್ತಿದ್ದ ಹೆಂಗಸರ ನಡುವೆ ಕೂತ ನಾನು ಒಮ್ಮೆಲೆ ಆ ವರ್ಷದ ಆಷಾಢಕ್ಕೆ ಹೋಗಿಬಿಟ್ಟೆ.

ಅವ್ವ ಈಗಿಲ್ಲ. ಕಾಕಾನೂ ಹೋದರು. ಇನ್ನು ಹೇಳಿದರೆ ಯಾರ ಮನಸ್ಸಿಗೂ ನೋವಾಗಲಾರದು. ಊರಿನ ಹೆಸರೊಂದನ್ನು ಮಾತ್ರ ಹೇಳುವುದಿಲ್ಲ. ಹೇಳಿದರೆ ಅಲ್ಲಿಯ ಹೆಂಗಸರ ಗುರುತು ಹತ್ತುತ್ತದೆ. ಗದಗದಿಂದ ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಗೆ ಹೋಗುವ ದಾರಿಗಳಲ್ಲಿ ಇರುವ ಒಂದು ಸಣ್ಣ ಊರು ಎಂದುಕೊಂಡರೆ ಸಾಕು.

ಆ ವರ್ಷ ನಾನು ಬಾಣಂತನಕ್ಕೆ ತವರಿಗೆ ಬಂದಿದ್ದೆ. ನನ್ನ ಗಂಡನ ಮನೆ ಬೆಟಗೇರಿ, ಅಲ್ಲೇ ಒಂದು ಕನ್ನಡ ಶಾಲೆಯಲ್ಲಿ ನೌಕರಿ. ಮದುವೆಯಾಗಿ ಬಹಳ ವರ್ಷ ಕಾದ ಮೇಲೆ ನಿಂತ ಬಸಿರು. ಗದಗ ಜಿಲ್ಲೆಯಾಗಿ ಇನ್ನೂ ಹತ್ತು ವರ್ಷ ತುಂಬಿರಲಿಲ್ಲ. ಕಚೇರಿಗಳ ಬೋರ್ಡು ಬದಲಾಗಿದ್ದವು, ಜನರ ಬಾಯಿ ಬದಲಾಗಿರಲಿಲ್ಲ. ಯಾವ ಹಳೆಯ ಕಾಗದದ ಮಾತು ಬಂದರೂ "ಧಾರವಾಡದಾಗ ಕೇಳಬೇಕು" ಎನ್ನುವವರೇ ಹೆಚ್ಚು.

ಅಪ್ಪ ನೇಕಾರ. ತೀರಿಕೊಂಡು ಆಗಲೇ ಕೆಲವು ವರ್ಷವಾಗಿತ್ತು. ಅವ್ವ ರಾಟಿಯ ಮುಂದೆ ಕೂತು ಓಣಿಯ ಬೇರೆ ಮಗ್ಗಗಳಿಗೆ ನೂಲು ಸುತ್ತಿ ಕೊಡುತ್ತಿದ್ದಳು. ಮನೆಯಲ್ಲಿ ಹೆಂಗಸರ ಓಡಾಟ ತಪ್ಪುತ್ತಿರಲಿಲ್ಲ. ಬಾಯಿ ತುಂಬ ಮಾತಾಡುವ ಅವ್ವ ಆ ಸಲ ನಾನು ಬಂದಾಗಿನಿಂದ ಏನೋ ಬೇರೆಯಾಗಿದ್ದಳು. ಮಧ್ಯಾಹ್ನದ ಉರಿಬಿಸಿಲಲ್ಲಿ ನಾನು ಅಡ್ಡಾಗಿದ್ದಾಗ ಸದ್ದಿಲ್ಲದೆ ಎದ್ದು ಹೋಗುವಳು. ಬಂದಾಗ ಬಚ್ಚಲಿಗೆ ಹೋಗಿ ಬಹಳ ಹೊತ್ತು ಕೈ ತೊಳೆಯುವಳು. ಒಂದು ದಿನ ನೋಡಿದೆ. ಅವಳ ಉಗುರುಗಳ ತುಂಬ ಕರಿ ಮಣ್ಣು.

"ಎಲ್ಲೆ ಹೋಗಿದ್ದಿ ಅವ್ವ?"

"ಎಲ್ಲೂ ಇಲ್ಲ. ಹಳ್ಳದ ಕಡೆ."

ಪಕ್ಕದ ಮನೆಯ ಹನಮವ್ವನನ್ನು ಕೇಳಿದೆ. ಅವಳು ಆಚೀಚೆ ನೋಡಿ, ದನಿ ತಗ್ಗಿಸಿ ಹೇಳಿದಳು: "ಹಳ್ಳದ ದಂಡಿಮ್ಯಾಗಿನ ಜಾಲಿಕಂಟಿ ಎಲ್ಲಾ ಜೆಸಿಬಿ ತಂದು ಕಿತ್ತಾರವಾ. ನೆಲಾ ಬಿಚ್ಚಿ ಬಿದ್ದೈತಿ. ಅಲ್ಲೆ ಮಳಿಗಿ ಕಟ್ತಾರಂತ. ಎರಿ ಭೂಮಿ ನೋಡು, ಬಿಸಲಿಗೆ ಬಿರಕ ಬಿಟ್ಟೈತಿ, ಕೈ ಇಳೀವಷ್ಟು. ನಿಮ್ಮವ್ವ ಕುಂತು ಆ ಬಿರಕಿನಾಗ ಮಣ್ಣ ತುಂಬತಾಳ. ನಾ ಎರಡ ಸರ್ತಿ ನೋಡೇನಿ."

ಅಂದು ಸಂಜೆ ದೀಪ ಹಚ್ಚಿದ ಮೇಲೆ ಕೇಳಿದೆ. ಅವ್ವ ನನ್ನ ಹೊಟ್ಟೆಯನ್ನು ನೋಡಿದಳು, ಹೊರಗೆ ನೋಡಿದಳು. ಆಮೇಲೆ ಸೊಪ್ಪು ಸೋಸುತ್ತ, ಯಾರದೋ ಮನೆಯ ಸುದ್ದಿ ಎಂಬಂತೆ ಹೇಳಿದಳು.

"ನೀ ಒಬ್ಬಾಕಿನ ಹುಟ್ಟಿಲ್ಲ ಸರೂ. ನಿನ್ನ ಮುಂದ ಒಬ್ಬಾಂವ ಬಂದಿದ್ದ. ಹೊತ್ತ ಮುಣಗೂತನಕ ಇದ್ದ. ಆಮ್ಯಾಲ ಹೋದ. ನಿಮ್ಮಪ್ಪ ಒಯ್ದು ಅಲ್ಲೆ ಮಣ್ಣ ಕೊಟ್ಟು ಬಂದ. ಊರಾಗಿನ ಸಣ್ಣ ಕೂಸುಗೋಳನ್ನ ಎಲ್ಲಾ ಅಲ್ಲೇ ಕೊಡೂದು. ನಾ ಹಸಿ ಬಾಣಂತಿ, ನಿನ್ನ ಹಿಡಕೊಂಡು ಮಲಗಿದ್ದೆ. ಎಲ್ಲೆ ಅಂತ ನೋಡಿಲ್ಲ."

"ಅಪ್ಪನ್ನ ಕೇಳಲಿಲ್ಲೇನು?"

"ಕೇಳೇನಿ. ಎಷ್ಟ ಕೇಳಿದರೂ 'ಅಲ್ಲೆ ಐತಿ ಬಿಡು' ಅಂತಿದ್ದ. ಬಾಳ ಕೇಳಿದರ ಎದ್ದ ಹೋಗತಿದ್ದ. ಹೊಳ್ಳಿ ಕೇಳಲಿಲ್ಲ."

ಮೂವತ್ತು ವರ್ಷ ದಾಟಿದ ಹೆಂಗಸು ನಾನು, ಮಕ್ಕಳಿಗೆ ಪಾಠ ಹೇಳುವವಳು. ನನಗೊಬ್ಬ ಜೊತೆಗಾರನಿದ್ದ ಎಂಬುದು ಅಂದಿನತನಕ ಗೊತ್ತಿರಲಿಲ್ಲ. "ಹೆಸರಿಟ್ಟಿದ್ದಿರೇನು?" ಎಂದೆ. ಅವ್ವ ತಲೆಯಾಡಿಸಿದಳು, ಇಲ್ಲ ಎಂದು. "ಬಿರಕು ನೋಡಿದರ ಜೀವಾ ಅಂಜತೈತಿ," ಎಂದಳು. "ನೆಲಾ ಬಾಯಿ ತಗದಂಗ ಆಗೈತಿ. ಈಗ ಅಲ್ಲೆ ಪಾಯಾ ತಗೀತಾರ. ಆ ಜಾಗಾ ಯಾರದರ ಇರಲಿ, ಯಾರದಂತ ಗೊತ್ತಾದರ ಹೋಗಿ ಕಾಲ ಹಿಡದು ಕೇಳತೇನಿ."

ಯಾರದು ಎಂಬುದೇ ಊರಿಗೆ ಗೊತ್ತಿರಲಿಲ್ಲ. ಹಳೆಯ ಗೌಡರ ಮನೆತನದ್ದು ಎಂದರು ಕೆಲವರು. ಸರಕಾರದ್ದು ಎಂದರು ಕೆಲವರು. ಹಳ್ಳದ ದಂಡೆ ಯಾರಪ್ಪನ ಸ್ವತ್ತೂ ಅಲ್ಲ ಎಂದು ಚಹದ ಅಂಗಡಿಯವ ನಕ್ಕ. ಹಾಗಾದರೆ ಯಾರ ಕಾಲು ಹಿಡಿಯಬೇಕು?

ಮಾಹಿತಿ ಹಕ್ಕಿನ ಕಾಯ್ದೆ ಆಗ ಹೊಸತು. ನಮ್ಮ ಶಾಲೆಗೆ ಬರುವ ಪೇಪರಿನಲ್ಲಿ ಅದರ ಬಗ್ಗೆ ಓದಿದ್ದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿ ಬಿಳಿ ಹಾಳೆಯ ಮೇಲೆ ಬರೆದುಕೊಟ್ಟರೆ ಕಚೇರಿಯವರು ಉತ್ತರ ಕೊಡಲೇಬೇಕು ಎಂದಿತ್ತು. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಬರೆದೆ. ಹಳ್ಳದ ದಂಡೆಯ ಜಾಗ ಪುರಸಭೆಯ ಸ್ವತ್ತೇ? ಆಗಿದ್ದರೆ ಎಂದಿನಿಂದ? ಮೊದಲು ಯಾವುದಕ್ಕೆ ಬಳಕೆಯಲ್ಲಿತ್ತು? ಈಗ ಅಲ್ಲಿ ಏನು ಮಾಡುವವರಿದ್ದಾರೆ? ಓದಿ ಹೇಳಿದೆ. ಅವ್ವ ಕೇಳಿಸಿಕೊಂಡು, "ಇನ್ನೊಂದ ಬರಿ," ಎಂದಳು. "ಅಲ್ಲೆ ಎಷ್ಟ ಕೂಸು ಅದಾವಂತ ಕೇಳು."

ಅದನ್ನೂ ಬರೆದೆ.

ಪುರಸಭೆಯ ಮ್ಯಾನೇಜರು ನಡುವಯಸ್ಸಿನವರು, ಮುಂಡರಗಿ ಕಡೆಯವರು. ಅರ್ಜಿಯನ್ನು ಓದುತ್ತ ಓದುತ್ತ ಕೊನೆಯ ಸಾಲಿಗೆ ಬಂದಾಗ ಕನ್ನಡಕ ತೆಗೆದರು.

"ಅಕ್ಕಾರ, ಇದಕ್ಕ ನಾ ಏನ ಉತ್ತರ ಬರೀಲ್ರಿ?"

"ಇದ್ದದ್ದ ಬರೀರಿ ಸರ್. ಇಲ್ಲಂದ್ರ ಇಲ್ಲ ಅಂತ ಬರೀರಿ."

ಅವರು ನನ್ನ ತುಂಬಿದ ಹೊಟ್ಟೆ ನೋಡಿ, ಸಿಪಾಯಿಗೆ ಹೇಳಿ ಕುರ್ಚಿ ತರಿಸಿದರು. ಅರ್ಜಿ ಮುಟ್ಟಿದ್ದಕ್ಕೆ ಸಹಿ ಹಾಕಿ ಕೊಟ್ಟರು. "ಹಳೇ ರೆಕಾರ್ಡ ಅರ್ಧಾ ಧಾರವಾಡದಾಗ ಅದಾವ್ರಿ. ಒಂದ ತಿಂಗಳ ಹಿಡೀತೈತಿ," ಎಂದರು.

ಆ ತಿಂಗಳು ಮುಂಗಾರಿನ ನಾಲ್ಕು ಹನಿ ಬಿದ್ದು ಗಾಳಿ ಎದ್ದಿತು. ನಮ್ಮ ಕಡೆಯ ಗಾಳಿಯನ್ನು ಕಂಡವರಿಗೇ ಗೊತ್ತು. ಹಂಚು ಗಡಗಡ ಎನ್ನುತ್ತವೆ, ಒಣ ಹಾಕಿದ ಬಟ್ಟೆ ಓಣಿ ದಾಟಿ ಹೋಗುತ್ತದೆ, ಮಾತಾಡಿದರೆ ಅರ್ಧ ಕೇಳುತ್ತದೆ, ಅರ್ಧ ಹಾರಿಹೋಗುತ್ತದೆ. ಆ ದಿನಗಳಲ್ಲೇ ಕಪ್ಪತಗುಡ್ಡದ ಕಡೆ ಗಾಳಿಯಂತ್ರಗಳ ರೆಕ್ಕೆ ಹೊತ್ತ ಉದ್ದುದ್ದ ಲಾರಿಗಳು ಹೋಗುತ್ತಿದ್ದವು. ಜನ ರಸ್ತೆಗೆ ಬಂದು ನೋಡುತ್ತಿದ್ದರು. ನಾನು ಮಾತ್ರ ಒಳಗೇ ಇರುತ್ತಿದ್ದೆ. ಹೊಟ್ಟೆಯಲ್ಲಿ ಕೂಸು ಮಗ್ಗುಲಾದಾಗಲೆಲ್ಲ ಒಂದು ಯೋಚನೆ ಬಂದು ನಿಲ್ಲುತ್ತಿತ್ತು. ನಾನೂ ಹೀಗೆಯೇ ಒಬ್ಬನ ಪಕ್ಕದಲ್ಲಿ ಮಗ್ಗುಲಾಗಿದ್ದೆ. ಅವನ ಕೈ ನನಗೆ ತಾಗಿತ್ತು. ಅವ್ವನಿಗಿಂತ ಮೊದಲು ನಾನು ಅವನನ್ನು ಬಲ್ಲವಳು, ಮತ್ತು ಏನೂ ನೆನಪಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಬೆನ್ನ ಹಿಂದೆ ಯಾರೋ ಮಲಗಿದ್ದಾರೆ ಅನ್ನಿಸುತ್ತಿತ್ತು. ಅಂಜಿಕೆಯಲ್ಲ. ಹೊರಳಿ ನೋಡಿದರೆ ಇರುವುದಿಲ್ಲವಲ್ಲ ಎಂದು ಹೊರಳದೆ ಮಲಗುತ್ತಿದ್ದೆ.

ಉತ್ತರ ಟಪಾಲಿನಲ್ಲಿ ಬಂತು. ಸದರಿ ಜಾಗ ಪುರಸಭೆಯ ಸ್ವತ್ತು. ಉತಾರದಲ್ಲಿ 'ಖುಲ್ಲಾ ಜಾಗ' ಎಂದು ದಾಖಲಾಗಿದೆ. ಮೊದಲಿನ ಬಳಕೆಯ ಬಗ್ಗೆ ದಾಖಲೆ ಇಲ್ಲ. ವಾಣಿಜ್ಯ ಮಳಿಗೆಗಳ ಪ್ರಸ್ತಾವ ಇದೆ. ಕೊನೆಯ ಪ್ರಶ್ನೆಯ ಮುಂದೆ: ಮಾಹಿತಿ ಲಭ್ಯವಿಲ್ಲ.

"ಖುಲ್ಲಾ ಅಂದರ?" ಅವ್ವ ಕೇಳಿದಳು.

"ಖಾಲಿ ಅವ್ವ. ಏನೂ ಇಲ್ಲದ ಜಾಗಾ."

ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ರಾಟಿಯ ಹಗ್ಗ ಸರಿಮಾಡಿ ಎರಡು ಸುತ್ತು ತಿರುಗಿಸಿದಳು. ಕೊನೆಗೆ, "ಅವರು ಖರೇನ ಬರದಾರ," ಎಂದಳು. "ಅವರಿಗೆ ಯಾರ ಹೇಳ್ಯಾರ? ನಾವ ಯಾರ ಮುಂದ ಬಾಯಿ ಬಿಟ್ಟೇವಿ?"

ಮರುದಿನ ಅವ್ವ ಗಿರಣಿಗೆ ಜೋಳದ ಚೀಲ ಒಯ್ದಳು. ಅಲ್ಲಿ ಪಾಳಿ ಹಚ್ಚಿದ ಹೆಂಗಸರ ನಡುವೆ, ಗಿರಣಿಯ ಸದ್ದಿಗೆ ಮೀರಿ ದನಿ ಎತ್ತಿ, "ಹಳ್ಳದ ದಂಡಿಮ್ಯಾಲೆ ನನ್ನ ಮಗಾ ಅದಾನ," ಎಂದಳಂತೆ. ಹನಮವ್ವ ನನಗೆ ಹೇಳಿದ್ದು ಇದು. ಆಮೇಲೆ ಹಿಟ್ಟು ತುಂಬಿಕೊಳ್ಳುತ್ತಿದ್ದ ಒಬ್ಬಳು ತಲೆ ಎತ್ತದೆಯೇ, "ನಂದೊಂದ ಹೆಣ್ಣ ಕೂಸು ಐತಿ," ಎಂದಳಂತೆ. ಇಷ್ಟು ಹೇಳಿ ಹನಮವ್ವ ಸೆರಗಿನ ತುದಿ ತಿರುವುತ್ತ, "ನಮ್ಮವೂ ಎರಡು," ಎಂದಳು. ಅವಳ ಬಾಗಿಲಿಗೂ ನಮ್ಮ ಬಾಗಿಲಿಗೂ ಒಂದೇ ಕಟ್ಟೆ. ಇಷ್ಟು ವರ್ಷ ಅವ್ವನಿಗೂ ಅದು ಗೊತ್ತಿರಲಿಲ್ಲ.

ಉತ್ತರ ಹಿಡಿದುಕೊಂಡು ನಾನು ಮತ್ತೆ ಪುರಸಭೆಗೆ ಹೋದೆ. ಮ್ಯಾನೇಜರು ತಾವಾಗಿಯೇ ಹೇಳಿದರು: "ಕಾಯ್ದೆದಾಗ ಜಾಗಾ ಖುದ್ದ ನೋಡಾಕ ಅವಕಾಶ ಐತ್ರಿ. ಪರಿಶೀಲನಾ ಮಾಡಬೇಕಂತ ಬರದ ಕೊಡ್ರಿ. ನಾನೂ ಬರ್ತೇನಿ. ಕಾಗದದಾಗ ಇಲ್ಲದ್ದು ನೆಲದ ಮ್ಯಾಲರ ಕಾಣತೈತೇನು ನೋಡೋಣು."

ಪರಿಶೀಲನೆಯ ದಿನ ಅವ್ವ ನನಗೆ ಬರಬೇಡ ಎಂದಳು. ತುಂಬಿದ ಬಸುರಿ ಅಂಥ ಜಾಗಕ್ಕೆ ಕಾಲಿಡಬಾರದು. ನಾನು ಹಟ ಹಿಡಿದೆ. ಕೊನೆಗೆ ಆ ಜಾಗದ ಮುಳ್ಳುಬೇಲಿಯ ಹೊರಗೇ ನಿಲ್ಲುವುದೆಂದು ಮಾತಾಯಿತು. ಅಪ್ಪನ ಜೀವದ ಗೆಳೆಯ ದಾದಾಪೀರ ಕಾಕಾ ನನ್ನ ಜೊತೆ ಬಂದರು. ಅಪ್ಪನ ಮಗ್ಗಕ್ಕೆ ಬೇಕಾದ ನೂಲಿಗೆಲ್ಲ ಬಣ್ಣ ಹಾಕಿಕೊಟ್ಟವರು ಅವರೇ. ಅವ್ವ ಅವರಿಗೆ ಅತ್ತಿಗೆಯ ಸಮ, ವೈನಿ ಎಂದೇ ಕರೆಯುತ್ತಿದ್ದರು. ಎರಡೂ ಕೈ ಮೊಣಕೈತನಕ ಎಂದೂ ಬಿಳುಪಾದದ್ದಿಲ್ಲ. ನನಗೆ ಕೂರಲೆಂದು ತಮ್ಮ ಮನೆಯಿಂದ ಮಡಚುವ ಕುರ್ಚಿಯೊಂದನ್ನು ಹೊತ್ತು ತಂದಿದ್ದರು.

ಮ್ಯಾನೇಜರು, ಟೇಪು ಹಿಡಿದ ಒಬ್ಬ ಗುಮಾಸ್ತ, ಅವ್ವ, ಇಷ್ಟೇ ಜನ ಇರುತ್ತಾರೆ ಎಂದುಕೊಂಡಿದ್ದೆ. ಹನಮವ್ವ ಬಂದಳು. ಯಾರೊಂದಿಗೂ ಮಾತಾಡದೆ ನೇರ ನಡೆದು ಹೋಗಿ ಬನ್ನಿ ಗಿಡದ ಬುಡದಲ್ಲಿ ನಿಂತಳು. ಗಿರಣಿಯಲ್ಲಿ ತಲೆ ಎತ್ತದೆ ಮಾತಾಡಿದವಳು ಬಂದಳು, ಹಳ್ಳದ ಕಡೆ ಹೋಗಿ ನಿಂತಳು. ಆಮೇಲೆ ಒಬ್ಬೊಬ್ಬರಾಗಿ, ಇಬ್ಬಿಬ್ಬರಾಗಿ. ಮುದುಕಿಯರು, ಹೊಲಕ್ಕೆ ಹೊರಟವರು, ಬಗಲಲ್ಲಿ ಕೂಸಿದ್ದ ಹುಡುಗಿಯರು. ಒಂದು ಮನೆಯಿಂದ ಅತ್ತೆ ಸೊಸೆ ಕೂಡಿ ಬಂದರು, ನಿಂತದ್ದು ಮಾತ್ರ ಬೇರೆ ಬೇರೆ ಕಡೆ. ಯಾರೂ ಅಳಲಿಲ್ಲ, ಯಾರೂ ಕೂಗಲಿಲ್ಲ. ಗಂಡಂದಿರು ಎಂದೋ ಒಮ್ಮೆ ದಾರಿಯಿಂದ ಬೆರಳು ಮಾಡಿ ತೋರಿಸಿದ್ದನ್ನು ಇಷ್ಟು ವರ್ಷ ಎದೆಯಲ್ಲಿ ಇಟ್ಟುಕೊಂಡಿದ್ದವರು, ತಮ್ಮ ತಮ್ಮ ಜಾಗಕ್ಕೆ ಹೋಗಿ ನಿಂತರು. ಗಾಳಿಗೆ ಸೀರೆಗಳು ಪಟಪಟ ಬಡಿಯುತ್ತಿದ್ದವು. ಹೆಜ್ಜೆ ಇಡಲು ಹೋದ ಗುಮಾಸ್ತ ಕಾಲು ಹಿಂದೆ ತೆಗೆದ. ಮ್ಯಾನೇಜರು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು, "ಟೇಪ ಸುತ್ತಿ ಇಡೋ," ಎಂದರು.

ಖಾಲಿ ಜಾಗ ತುಂಬಿಹೋಗಿತ್ತು.

ನಿಲ್ಲದೆ ಇದ್ದವಳು ಅವ್ವ ಒಬ್ಬಳೇ. ಎಲ್ಲಿ ನಿಲ್ಲಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ನಿಂತ ಹೆಂಗಸರ ನಡುವೆ ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು ಹೆಜ್ಜೆ ಹೋಗುವಳು. ಒಂದು ಕಡೆ ನೆಲ ನೋಡುವಳು, ತಲೆಯಾಡಿಸುವಳು, ಮತ್ತೆ ಹೊರಡುವಳು. ಸಂತೆಯಲ್ಲಿ ಮಗು ಕಳಕೊಂಡವರು ಹಾಗೆ ತಿರುಗುತ್ತಾರೆ. ಇದೆಲ್ಲ ಶುರುಮಾಡಿದವಳು ಅವಳು, ಅವಳಿಗೇ ಜಾಗ ಇರಲಿಲ್ಲ.

ನನಗೆ ನೋಡಲಾಗಲಿಲ್ಲ. "ಕಾಕಾ, ಅಪ್ಪನ ಜೋಡಿ ಅವತ್ತ ನೀವ ಬಂದಿದ್ದಿರೇನ್ರಿ?" ಎಂದೆ.

"ಬಂದಿದ್ದೆ ಬೇಟಿ. ಸಲಿಕಿ ನಾನ ಹೊತ್ತಿದ್ದೆ. ಕೂಸಿಗೆ ಸುತ್ತಿದ್ದ ಅರಿವಿ ನಿಮ್ಮಪ್ಪ ಮಗ್ಗದಾಗಿಂದ ಕೊಯ್ದದ್ದು. ಅದರ ಬಣ್ಣಾ ನಾ ಹಾಕಿದ್ದು." ಅವರು ತಮ್ಮ ಕೈ ನೋಡಿಕೊಂಡರು. "ಇಲ್ಲೇ, ಬೇಲಿ ಹೊರಗ, ಹೀಂಗ ನಿಂತಿದ್ದೆ."

"ಒಳಗ ಹೋಗಲಿಲ್ಲೇನ್ರಿ?"

"ಇಲ್ಲವಾ. ಬ್ಯಾಡ ಅಂದ. ನನ್ನ ಕೈಯಾಗಿನ ಸಲಿಕಿ ಇಸ್ಕೊಂಡ, 'ದಾದ್ಯಾ, ಆ ಕಡೆ ಮಾರಿ ಮಾಡಿ ನಿಂದ್ರಲೇ' ಅಂದ. ನಿಂತೆ. ಸಲಿಕಿ ಸಪ್ಪಳ ಕೇಳತಿತ್ತು. ಆದರ ಇಂಥಾದ ಗಾಳಿ ನೋಡು, ಸಪ್ಪಳ ಎಲ್ಲಿಂದ ಬರತೈತಿ ಅನ್ನೂದ ತಿಳೀಲಿಲ್ಲ."

ಇಷ್ಟು ಹೇಳಿ ಅವರು ಅವ್ವನನ್ನೇ ನೋಡುತ್ತ ನಿಂತರು. ಅವ್ವ ಆಗ ಹಳ್ಳದ ತುದಿತನಕ ಹೋಗಿ ಮರಳಿ ಬರುತ್ತಿದ್ದಳು. ಕಾಕಾ ತಲೆಯ ಟೊಪ್ಪಿಗೆಯನ್ನು ಒತ್ತಿ ಕೂರಿಸಿಕೊಂಡರು. ಬೇಲಿ ಸರಿಸಿ ಒಳಗೆ ಹೋದರು. ಹೆಂಗಸರ ನಡುವೆ ದಾರಿ ಬಿಡಿಸಿಕೊಂಡು, ಒಂದಿಷ್ಟೂ ತಡವರಿಸದೆ, ಗೊತ್ತಿದ್ದವರಂತೆ ನಡೆದರು. ಯಾರೂ ನಿಂತಿರದ ಒಂದು ಕಡೆ ನಿಂತು, ಬಾಗಿ, ಅಂಗೈಯನ್ನು ನೆಲಕ್ಕೆ ಇಟ್ಟರು. ಗಾಳಿ ನಮ್ಮ ಕಡೆಗೆ ಬೀಸುತ್ತಿತ್ತು. ಅವರ ದನಿ ನನಗೆ ಕೇಳಿಸಿತು.

"ಇಲ್ಲೆ, ವೈನಿ."

ಅವ್ವ ಅವರ ಮುಖವನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಅವರು ಕೈ ಇಟ್ಟ ಕಡೆ ಕೂತುಬಿಟ್ಟಳು. ಅವಳು ಕೂತದ್ದನ್ನು ಕಂಡು ಹನಮವ್ವ ಕೂತಳು. ಒಬ್ಬೊಬ್ಬರಾಗಿ ಎಲ್ಲರೂ ಕೂತರು.

ಮರಳಿ ಬಂದ ಕಾಕಾ ನನ್ನ ಮುಖ ನೋಡಲಿಲ್ಲ. "ಬಿಸಲ ಏರಿತು, ಏಳವಾ," ಎಂದು ಕುರ್ಚಿ ಮಡಚಲು ಹೋದರು. ಎರಡು ಸಲ ತಪ್ಪು ಬದಿಗೆ ಎಳೆದರು, ಕುರ್ಚಿ ಮಡಚಲಾಗಲಿಲ್ಲ. ನಾನೇ ಹಿಡಿದು ಮಡಚಿದೆ. ಆ ಜಾಗ ನಿಮಗೆ ಹೇಗೆ ಗೊತ್ತಾಯಿತು ಎಂದು ನಾನು ಅಂದೂ ಕೇಳಲಿಲ್ಲ, ಮುಂದೆಯೂ ಕೇಳಲಿಲ್ಲ.

ಪುರಸಭೆಯ ಸಭೆಯಲ್ಲಿ ಆ ವಿಷಯ ಬಂದ ದಿನ ಹೆಂಗಸರು ವರಾಂಡದಲ್ಲಿ ಸುಮ್ಮನೆ ಕೂತಿದ್ದರು. ಮಳಿಗೆ ಪೂರ್ತಿ ನಿಲ್ಲಲಿಲ್ಲ. ರಸ್ತೆಯ ಬದಿಗೆ ಒಂದು ಸಾಲು ಆಯಿತು. ಹಿಂದಿನ ಹಳ್ಳದ ಕಡೆಯ ಜಾಗಕ್ಕೆ ಕಲ್ಲು ನೆಟ್ಟು ತಂತಿ ಹಾಕಿ, ಪುರಸಭೆಯ ಸ್ವತ್ತು ಎಂದು ಬೋರ್ಡು ಹಚ್ಚಿ ಬಿಟ್ಟರು. ರಸ್ತೆ ಬದಿಯ ಆ ಪಟ್ಟಿಯಲ್ಲಿ ಯಾವಳಾದರೂ ನಿಂತಿದ್ದಳೇ? ಇಬ್ಬರು ನಿಂತಿದ್ದರು, ನನಗೆ ನೆನಪಿದೆ. ಅವರು ಈಗಲೂ ಆ ಅಂಗಡಿಗಳಲ್ಲಿ ಏನನ್ನೂ ಕೊಳ್ಳುವುದಿಲ್ಲ ಎಂದು ಹನಮವ್ವ ಹೇಳುತ್ತಾಳೆ. ಹಿಂದೆ ಕೂಸುಗಳಿಗೆ ಮಣ್ಣು ಕೊಡಲು ಬಂದವರು ಯಾರೂ ಪುರಸಭೆಯ ಅಪ್ಪಣೆ ಕೇಳಿರಲಿಲ್ಲ. ಮಳಿಗೆಯ ಪಾಯ ತೆಗೆದಾಗ ಏನು ಸಿಕ್ಕಿತೆಂದು ಯಾರೂ ಅರ್ಜಿ ಹಾಕಲಿಲ್ಲ. ನಾನೂ ಹಾಕಲಿಲ್ಲ.

ಶ್ರಾವಣದಲ್ಲಿ ನನಗೆ ಹೆಣ್ಣು ಮಗುವಾಯಿತು. ಒಂದೇ ಕೂಸು, ಗಟ್ಟಿ ಕೂಸು. ಅವ್ವನೇ ದಿನಾ ಎರೆಯುತ್ತಿದ್ದಳು. ಬಚ್ಚಲ ಕಲ್ಲಿನ ಮೇಲೆ ಕಾಲು ಚಾಚಿ ಕೂತು, ಮೊಣಕಾಲ ಮೇಲೆ ಕೂಸನ್ನು ಬೋರಲು ಹಾಕಿ, ಎಣ್ಣೆ ಹಚ್ಚಿ ತಿಕ್ಕಿ, ಮತ್ತೆ ಅಂಗಾತ ಮಾಡಿ, ಅದರ ಕಣ್ಣಿಗೆ ಕೈ ಅಡ್ಡ ಹಿಡಿದು ತಂಬಿಗೆಯಿಂದ ನೀರು ಹಾಕುವಳು. ನಾನು ಬಾಗಿಲಿಗೆ ಒರಗಿ ನೋಡುತ್ತಿದ್ದೆ. ಹಬೆಯಲ್ಲಿ ಅವಳ ಮುಖ ಕಾಣುತ್ತಿರಲಿಲ್ಲ. ಅಂಥ ಒಂದು ಮುಂಜಾನೆ ಅವ್ವ ಕೂಸಿನ ಕಡೆ ನೋಡುತ್ತಲೇ ಹೇಳಿದಳು.

"ದಾದಾಪೀರಣ್ಣಗ ಗೊತ್ತಿದ್ದಿಲ್ಲ. ಅಂದಾಜಲೆ ತೋರಿಸಿದ."

"ನಿನಗ ಹೆಂಗ ಗೊತ್ತು?"

"ಅಂವಗ ಸುಳ್ಳ ಹೇಳಾಕ ಎಲ್ಲಿ ಬರತೈತಿ? ಮಾರಿ ನೋಡಿದ ಕೂಡಲೆ ತಿಳೀತು."

"ಮತ್ತ ಯಾಕ ಕುಂತಿ ಅವ್ವ?"

"ಎಲ್ಲೆರ ಒಂದ ಕಡೆ ಕುಂಡ್ರಬೇಕಲ್ಲ ಸರೂ."

ಕೂಸನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. ಎದ್ದು ಬರುತ್ತಾಳೆ ಎಂದು ನಾನು ನಿಂತಿದ್ದೆ. ಅವ್ವ ಏಳಲಿಲ್ಲ. ಚಾಚಿದ ಕಾಲು ಹಾಗೆಯೇ ಇತ್ತು. ಹಂಡೆಯಿಂದ ಇನ್ನೊಂದು ತಂಬಿಗೆ ಬಿಸಿನೀರು ತೋಡಿ, ಬೆರಳದ್ದಿ ಹದ ನೋಡಿ, ತನ್ನ ಬರಿಯ ಮೊಣಕಾಲ ಮೇಲೆ ಸಣ್ಣಗೆ ಸುರಿಯತೊಡಗಿದಳು. ಕಣ್ಣಿಗೆ ನೀರು ಹೋಗದಂತೆ ಇನ್ನೊಂದು ಕೈಯನ್ನು ಅಡ್ಡ ಹಿಡಿದಿದ್ದಳು.